ಕುರ್ದಿ ಬಣ್ಣದ ಹೇಳಿಕೆ ಕಾಗದ

ವಸುಧಾ ಕಾರ್ಡು ಮಾಡಲು ಶುರುಮಾಡಿದ್ದು ಮಕ್ಕಳ ರಬ್ಬರಿನಿಂದ. ಬಂಟ್ವಾಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಅವಳು, ನೋಟ್ಸು ತಿದ್ದಿ ತಿದ್ದಿ ಬೇಸರ ಬಂದ ಒಂದು ಮಧ್ಯಾಹ್ನ, ಯಾರೋ ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಅಳಿಸುವ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ಪುಟ್ಟದೊಂದು ಮಿಂಚುಳ್ಳಿ ಮಾಡಿದಳು. ಅದನ್ನು ಆಫೀಸಿನ ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ, ಚೆನ್ನಾಗಿ ಬರೆದ ಹುಡುಗಿಯೊಬ್ಬಳ ಪುಸ್ತಕದಲ್ಲಿ ಮೂಡಿಸಿದಳು. ಮರುದಿನದಿಂದ ಇಡೀ ತರಗತಿಯ ಅಕ್ಷರ ದುಂಡಗಾಯಿತು. ಮಿಂಚುಳ್ಳಿ ಸಿಕ್ಕಿದವರು ಮೆರೆದರು, ಸಿಗದವರು ಅತ್ತರು, ಹೆಡ್ಮಾಸ್ತರು ಪ್ಯಾಡಿನ ಶಾಯಿ ಬೇಗ ಮುಗಿಯುತ್ತಿದೆಯೆಂದು ಗೊಣಗಿದರು.

ಅಲ್ಲಿಗೆ ನಿಂತಿದ್ದರೆ ಅದೊಂದು ಟೀಚರಮ್ಮನ ಚೇಷ್ಟೆಯಾಗಿ ಮುಗಿದುಹೋಗುತ್ತಿತ್ತು. ನಿಲ್ಲಲಿಲ್ಲ. ಅಳಿಸುವ ರಬ್ಬರು ಸಣ್ಣದಾಯಿತೆಂದು ಮಂಗಳೂರಿನಿಂದ ಕೆತ್ತುವ ರಬ್ಬರಿನ ಹಾಳೆ ತರಿಸಿಕೊಂಡಳು. ಬೆಳ್ತಂಗಡಿ ಕಡೆಯ ಹಳೆಯ ಶಿಷ್ಯನೊಬ್ಬ ತಮ್ಮ ತೋಟದ ರಬ್ಬರ್ ಶೀಟನ್ನೇ ಸುರುಳಿ ಸುತ್ತಿ ತಂದುಕೊಟ್ಟಿದ್ದ. ಪಾಪ, ಪ್ರೀತಿಯಿಂದ ತಂದದ್ದು. ಆದರೆ ಅದು ಬ್ಲೇಡಿಗೂ ಬೆರಳಿಗೂ ಅಂಟಿಕೊಂಡು, ವಾರವಿಡೀ ಮನೆಯಲ್ಲಿ ಹೊಗೆಯ ವಾಸನೆ ಉಳಿಸಿಹೋಯಿತು. ಕೆತ್ತಿದ ಅಚ್ಚುಗಳೆಲ್ಲ ಮರದ ತುಂಡುಗಳ ಮೇಲೆ ಕೂತು ಒಂದು ದೊಡ್ಡ ಬಿಸ್ಕತ್ತು ಡಬ್ಬಿಯನ್ನು ತುಂಬಿದವು. ವೀಳ್ಯದೆಲೆ, ಮಲ್ಲಿಗೆ ಮೊಗ್ಗು, ಗದ್ದೆಯ ಕೊಕ್ಕರೆ, ನೇತ್ರಾವತಿಯ ಮರಳು ದೋಣಿ, ಬಾಲ ಎತ್ತಿದ ಕರು. ಅಚ್ಚಿನಲ್ಲಿ ಎಲ್ಲವೂ ಎಡಬಲ ತಿರುಗಿರಬೇಕು. ಮೊದಮೊದಲು ಅವಳ ಶುಭಾಶಯಗಳೆಲ್ಲ ಕನ್ನಡಿಯಲ್ಲಿ ನೋಡಿಯೇ ಓದುವಂತೆ ಬಂದಿದ್ದವು. ಆಮೇಲೆ ಕೈ ಪಳಗಿತು.

ಕಾಗದವೂ ಮನೆಯದ್ದೇ. ಬಾಳೆಯ ನಾರನ್ನು ಕತ್ತರಿಸಿ, ಸೋಡಾ ಪುಡಿ ಹಾಕಿ ಹಂಡೆಯಲ್ಲಿ ಬೇಯಿಸಿ, ತೊಳೆದು ಅರೆದು, ಸೊಳ್ಳೆ ಬಲೆ ಹೊಡೆದ ಕಿಟಕಿ ಚೌಕಟ್ಟಿನಲ್ಲಿ ಸೋಸಿ, ಹಳೆಯ ಸೀರೆಯ ಮೇಲೆ ಮಗುಚಿ ಒಣಗಿಸುವುದು. ಒಮ್ಮೊಮ್ಮೆ ದಾಸವಾಳದ ಎಸಳು, ಒಮ್ಮೊಮ್ಮೆ ಸೀರೆಯ ಜರಿ ಎಳೆ ಅದರೊಳಗೆ ಸೇರುತ್ತಿತ್ತು. ಒಣಗಿದ ಹಾಳೆಯನ್ನು ಮಡಚಿ, ಸ್ಟೀಲು ಚಮಚದ ಬೆನ್ನಿನಿಂದ ಮಡಿಕೆ ತೀಡಿ, ಅಚ್ಚೊತ್ತಿ, ಒಳಗೆ ಬಣ್ಣದ ಹಾಳೆಯನ್ನು ಅಂಟಿಸಿದರೆ ಒಂದು ಕಾರ್ಡು. ಗಂಡ ಹರಿಪ್ರಸಾದನಿಗೆ ಪೇಟೆಯಲ್ಲಿ ಔಷಧಿ ಅಂಗಡಿ. ಮಾತು ಕಡಿಮೆಯ ಮನುಷ್ಯ. ಬಚ್ಚಲಿನ ಹಂಡೆಯಲ್ಲಿ ಬಾಳೆ ನಾರು ಬೇಯುತ್ತಿದ್ದರೆ ತಣ್ಣೀರಲ್ಲೇ ಸ್ನಾನ ಮುಗಿಸಿ ಅಂಗಡಿಗೆ ಹೋಗುತ್ತಿದ್ದ, ಮೆಚ್ಚಿಗೆಯ ಮಾತನ್ನು ಅದಕ್ಕಿಂತ ಹೆಚ್ಚು ಆಡಿದವನಲ್ಲ.

ವಸುಧಾಳ ಕಾರ್ಡು ಹೋಗದ ನೆಂಟರ ಮನೆ ಇರಲಿಲ್ಲ. ಹುಟ್ಟಿದ ದಿನಕ್ಕೆ, ದೀಪಾವಳಿಗೆ, ಉಪನಯನಕ್ಕೆ, ಪಾಸಾದದ್ದಕ್ಕೆ, ಕಾಲು ಮುರಿದು ಮಲಗಿದವರು ಎದ್ದು ಕೂತದ್ದಕ್ಕೆ. ಎಲ್ಲರೂ ಚಂದ ಉಂಟೆಂದು ಹೇಳುತ್ತಿದ್ದರು. ಹೇಳಿ, ಮರೆಯುತ್ತಿದ್ದರು. ಹರಿಪ್ರಸಾದನ ಅಣ್ಣ ಮಹೇಶ್ವರ ಮೂಡುಬಿದಿರೆಯಲ್ಲಿ ಮನೆ ಮಾಡಿದವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಅವರ ನಿವೃತ್ತಿಗೆ ವಸುಧಾ ಕೊಕ್ಕರೆಗಳ ಸಾಲು ಹಾರುವ ಕಾರ್ಡು ಮಾಡಿ ಕೊಟ್ಟಿದ್ದಳು. ಮುಂದಿನ ಸಲ ಹೋದಾಗ ಆ ಕಾರ್ಡು ನಾಲ್ಕಾಗಿ ಮಡಚಿಕೊಂಡು, ಗಾಳಿಗೆ ಪಟಪಟ ಎನ್ನುವ ಕಿಟಕಿಯ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಭಾವನವರು ಕೆಟ್ಟವರಲ್ಲ. ಪುರುಸೊತ್ತು ಇದ್ದವರಿಗೆ ಇದು ಒಳ್ಳೆಯ ಅಭ್ಯಾಸ ಎಂದು ಎಲ್ಲರೆದುರು ಹೊಗಳಿದವರೂ ಅವರೇ. ಆ ಹೊಗಳಿಕೆ ವಸುಧಾಳನ್ನು ಕಿಟಕಿಗಿಂತ ಹೆಚ್ಚು ನೋಯಿಸಿತು. ಆದರೆ ತಪ್ಪು ಅವಳದ್ದೂ ಇತ್ತು. ಯಾರಾದರೂ ಇದನ್ನು ನೀವೇ ಮಾಡಿದ್ದಾ ಎಂದು ಕೇಳಿದರೆ, ಹೀಗೇ ಸುಮ್ಮನೆ, ರಜೆಯಲ್ಲಿ ಎಂದು ಅವಳೇ ಅದನ್ನು ಸಣ್ಣದು ಮಾಡಿಬಿಡುತ್ತಿದ್ದಳು.

ಕಾರ್ಡುಗಳನ್ನು ಇಟ್ಟುಕೊಂಡವಳು ಒಬ್ಬಳೇ. ಭಾವನ ಮಗಳು ಅಶ್ವಿತಾ, ಮೂಡುಬಿದಿರೆಯಲ್ಲಿ ಹಲ್ಲಿನ ಡಾಕ್ಟರು. ಐದನೆಯ ಹುಟ್ಟುಹಬ್ಬದಿಂದ ಬಂದ ಅಷ್ಟೂ ಕಾರ್ಡುಗಳು ಅವಳ ಕಪಾಟಿನ ಬಾಗಿಲ ಒಳಮೈಯಲ್ಲಿ ಅಂಟಿಕೊಂಡಿದ್ದವು. ಅವಳ ಮದುವೆ ನಿಶ್ಚಯವಾದ ವಾರವೇ ಫೋನು ಬಂತು.

"ಚಿಕ್ಕಮ್ಮ, ನನ್ನ ಹೇಳಿಕೆ ಕಾಗದ ನೀವೇ ಮಾಡ್ಬೇಕು. ಮನೆಗೆ ಹೋಗಿ ಹೇಳುವವರಿಗೆ ಎಲ್ಲ ನಿಮ್ಮದೇ ಆಗ್ಬೇಕು. ಅಪ್ಪನತ್ರ ನಾನು ಮಾತಾಡಿ ಆಗಿದೆ."

ವಸುಧಾ ಆಗಲಿ ಎಂದು ಫೋನಿಟ್ಟಳು. ಕಾರ್ಡು ಹೇಗೂ ಬರುತ್ತದೆ, ಕೊಟ್ಟರೆ ಬೇಡವೆನ್ನುವುದು ಹೇಗೆ ಎಂದು ತೆಗೆದುಕೊಂಡವರೇ ಇದುವರೆಗೆ ಎಲ್ಲರೂ. ಕೇಳಿ ಪಡೆದವರು ಇವಳೊಬ್ಬಳೇ. ಅದೂ ಮದುವೆಗೆ ಕರೆಯುವ ಕಾಗದ. ಮನೆತನದ ಹೆಸರು ಹೊತ್ತು ಊರೂರಿಗೆ ಹೋಗುವಂಥದ್ದು, ಕಿಟಕಿ ಸಂದಿಗೆ ಸಿಕ್ಕಿಸಲು ಆಗದಂಥದ್ದು. ಅವಳಿಗೆ ಸಂತೋಷದಿಂದ ಎದೆ ಉಬ್ಬಿತು, ಅದನ್ನು ಮುಚ್ಚಿಟ್ಟುಕೊಳ್ಳುವ ಗೋಜಿಗೂ ಹೋಗಲಿಲ್ಲ. ಸಂಜೆ ಹರಿಪ್ರಸಾದ ಬಂದಾಗ ಪಾಯಸ ಇತ್ತು.

ಭಾವನವರು ಮಾತ್ರ ಎಚ್ಚರದ ಮನುಷ್ಯ. ಊರಿಗೆಲ್ಲ ಅಂಚೆಯಲ್ಲಿ ಕಳಿಸಲು ಹೇಗೂ ಪ್ರೆಸ್ಸಿನ ಕಾಗದ ಬೇಕು. ಅದನ್ನು ಮಾಡಿಸುವಾಗ, ಯಾವುದಕ್ಕೂ ಇರಲಿ ಎಂದು, ಮನೆಗೆ ಹೋಗಿ ಹೇಳುವವರ ಲೆಕ್ಕದ್ದನ್ನೂ ಸೇರಿಸಿ ಮಾಡಿಸಿದರು. ಚಿನ್ನದ ಬಣ್ಣದ ಗಣಪತಿ, ಮುಟ್ಟಿದರೆ ಜಾರುವ ಕಾಗದ. ಆ ಸುದ್ದಿ ವಸುಧಾಳ ಕಿವಿಗೂ ಬಿತ್ತು. ಇವಳ ಕಾರ್ಡು ಎಲ್ಲಿಯಾದರೂ ಕೈಕೊಟ್ಟರೆ ಎಂಬ ಸಂಶಯ ಅದರಲ್ಲಿ ಇದೆಯೆಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ಹಲ್ಲು ಕಚ್ಚಿ ಕೆಲಸಕ್ಕೆ ಕೂತಳು.

ಏಪ್ರಿಲ್ ರಜೆಯೆಲ್ಲ ಅದರಲ್ಲೇ ಕಳೆಯಿತು. ಹೊರ ಕವಚಕ್ಕೆ ಬಾಳೆ ನಾರಿನ ಕಾಗದ, ನಡುವೆ ಹಸಿರು ಶಾಯಿಯಲ್ಲಿ ವೀಳ್ಯದೆಲೆಯ ಜೋಡಿ, ಒಳಗಿನ ಬರಹಕ್ಕೆ ಬೇರೆ ತೆಳು ಹಾಳೆ. ಎಲ್ಲ ಕಾಗದದ ಬಣ್ಣ ಒಂದೇ ಆಗಬೇಕೆಂದು ಬೇಕಾದ ನಾರನ್ನೆಲ್ಲ ಒಟ್ಟಿಗೇ ಹಂಡೆಗೆ ಹಾಕಿ ಬೇಯಿಸಿದಳು. ಬೆಂದದ್ದನ್ನು ನೀರು ಬದಲಿಸಿ ಬದಲಿಸಿ, ಕೈಗೆ ಸೋಡಾದ ಜಾರು ತಾಗದಷ್ಟು ತೊಳೆಯಬೇಕು. ಬೇಸಿಗೆಯ ಬಂಟ್ವಾಳ, ಹೊಳೆಯ ಪಕ್ಕದಲ್ಲೇ ಮನೆಯಿದ್ದರೂ ನಳ್ಳಿಯಲ್ಲಿ ನೀರು ದಿನ ಬಿಟ್ಟು ದಿನ. ಎರಡು ಸಲ ತೊಳೆಯುವಷ್ಟರಲ್ಲಿ ನಳ್ಳಿ ಗೊರಗೊರ ಎಂದು ನಿಂತಿತು. ಹರಿಪ್ರಸಾದ ಪಕ್ಕದ ಮನೆಯ ಬಾವಿಯಿಂದ ತರಲೇ ಎಂದು ಕೊಡ ಎತ್ತಿಕೊಂಡದ್ದೂ ಹೌದು. ವಸುಧಾ ನಾರನ್ನು ಹಿಂಡಿ ನೋಡಿ ಸಾಕು ಎಂದಳು. ಅವಳಿಗೆ ಅಚ್ಚೊತ್ತುವ ಆತುರ ಇತ್ತು.

ಮೇ ತಿಂಗಳ ಮೊದಲ ಶುಕ್ರವಾರ ಕಾರ್ಡುಗಳ ಪೆಟ್ಟಿಗೆಯನ್ನೂ, ಲಕೋಟೆಗಳಿಗೆ ಅಲ್ಲೇ ಅಚ್ಚೊತ್ತಿದರಾಯಿತೆಂದು ಬಿಸ್ಕತ್ತು ಡಬ್ಬಿಯನ್ನೂ ಹಿಡಿದು ಗಂಡಹೆಂಡತಿ ಮೂಡುಬಿದಿರೆಗೆ ಹೋದರು. ಕಾಗದಕ್ಕೆ ಅರಸಿನ ಹಚ್ಚುವ ದಿನ ಅದು. ನಾಲ್ಕು ಮೂಲೆಗೆ ಅರಸಿನ ತಾಗದೆ ಮಂಗಲ ಕಾರ್ಯದ ಕಾಗದ ಹೊಸ್ತಿಲು ದಾಟುವ ಹಾಗಿಲ್ಲ. ಚಾವಡಿಯಲ್ಲಿ ಚಾಪೆ ಹಾಸಿತ್ತು. ಮಹೇಶ್ವರರ ಹೆಂಡತಿ ಮೋಹಿನಿ, ಅಣ್ಣತಮ್ಮಂದಿರ ಸೋದರತ್ತೆ ತಿರುಮಲೇಶ್ವರಿ, ಪಕ್ಕದ ಮನೆಯ ಇಬ್ಬರು ಹೆಂಗಸರು ಅರಸಿನ ಕಲಸಿದ ಬಟ್ಟಲಿನ ಸುತ್ತ ಕೂತಿದ್ದರು. ಪೆಟ್ಟಿಗೆ ತೆರೆದಾಗ ಎಲ್ಲರೂ ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ, ಬೆಳಕಿಗೆ ಹಿಡಿದು, ಮೂಸಿ ಕೂಡ ನೋಡಿದರು. ದೇವರ ಮುಂದೆ ಇಡುವ ಮೊದಲ ಕಾಗದ ನಿನ್ನದೇ ಆಗಲಿ ಎಂದಳು ಮೋಹಿನಿ. ವಸುಧಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಮೋಹಿನಿ ಉಂಗುರದ ಬೆರಳನ್ನು ಅರಸಿನದಲ್ಲಿ ಅದ್ದಿ ನಾಲ್ಕು ಮೂಲೆಗೂ ಹಚ್ಚಿದಳು. ಹಳದಿಯಾಗಿ ತಾಗಿದ ಬೊಟ್ಟು ನೋಡುನೋಡುತ್ತಿದ್ದಂತೆ ಕಿತ್ತಳೆಯಾಯಿತು, ಆಮೇಲೆ ಕೆಂಪಾಯಿತು. ತೆಳು ಕೆಂಪಲ್ಲ, ಗಾಯದ ಕೆಂಪು. ಮೋಹಿನಿ ತನ್ನ ಬೆರಳು ಕುಯ್ದಿತೇನೋ ಎಂದು ತಿರುಗಿಸಿ ನೋಡಿಕೊಂಡಳು. ಇನ್ನೊಂದಕ್ಕೆ ಹಚ್ಚಿದಳು. ಅದೂ ಹಾಗೆಯೇ.

"ಇದೆಂತದು," ಎಂದರು ತಿರುಮಲೇಶ್ವರಿ ಅತ್ತೆ. "ರಕ್ತ ಒರಸಿದ ಹಾಗೆ ಉಂಟಲ್ಲ."

ವಸುಧಾಳಿಗೆ ಆ ಕ್ಷಣದಲ್ಲೇ ಅರ್ಥವಾಯಿತು, ಅರ್ಥವಾದದ್ದೇ ಅವಳ ದುರದೃಷ್ಟ. ಅರಸಿನದ ಕಾಗದಕ್ಕೆ ಸಾಬೂನಿನ ನೀರು ಬಿಟ್ಟರೆ ಕೆಂಪಾಗುತ್ತದೆ, ಸೋಡಾ ಬಿಟ್ಟರೆ ಕೆಂಪಾಗುತ್ತದೆ, ಅದು ಪ್ರತ್ಯಾಮ್ಲದ ಗುರುತು ಮಕ್ಕಳೇ ಎಂದು ವರ್ಷ ವರ್ಷವೂ ಹತ್ತನೆಯ ತರಗತಿಗೆ ಮಾಡಿ ತೋರಿಸುವವಳು ಅವಳೇ. ಉತ್ತರ ತಪ್ಪಿದವರಿಗೆ ಮಿಂಚುಳ್ಳಿ ಕೊಡದವಳೂ ಅವಳೇ. ಹೇಳಿಕೆ ಕಾಗದ ಮಾಡಲು ಹೊರಟವಳಿಗೆ, ಅದಕ್ಕೆ ಅರಸಿನ ತಾಗುತ್ತದೆ ಎಂಬುದು ಇಷ್ಟು ದಿನದಲ್ಲಿ ಒಮ್ಮೆಯೂ ಹೊಳೆಯಲಿಲ್ಲ. ತೊಳೆದದ್ದು ಸಾಲದೆ ಕಾಗದದಲ್ಲಿ ಉಳಿದ ಸೋಡಾ ಈಗ ನಾಲ್ಕು ಮೂಲೆಯಲ್ಲಿ ನಿಂತು ಚಾಡಿ ಹೇಳುತ್ತಿತ್ತು.

ವಿಷಯ ಹೇಳಿದಳು. ಯಾರಿಗೂ ಸಿಟ್ಟು ಬರಲಿಲ್ಲ, ಅದೇ ಕಷ್ಟವಾದದ್ದು. ಭಾವನವರು ಬಂದು ಕಾರ್ಡನ್ನು ನೋಡಿ, ಒಳಗೆ ಹೋಗಿ, ಪ್ರೆಸ್ಸಿನ ಕಟ್ಟನ್ನು ತಂದು ದಾರ ಕತ್ತರಿಸಿದರು. ಆ ಕಾಗದದ ಮೇಲೆ ಅರಸಿನ ಅರಸಿನವಾಗಿಯೇ ಕೂತಿತು. ನಿನ್ನ ಕಾರ್ಡುಗಳನ್ನು ಮದುವೆ ಮನೆಯ ಬಾಗಿಲಲ್ಲಿ ಅಲಂಕಾರಕ್ಕೆ ತೂಗಿಸುವ, ಎಲ್ಲರಿಗೂ ಕಾಣುತ್ತದೆ ಎಂದು ಮೋಹಿನಿ ಸಮಾಧಾನ ಹೇಳಿದಳು. ಅಲಂಕಾರ ಎಂಬ ಮಾತು ವಸುಧಾಳಿಗೆ ಚುಚ್ಚಿತು.

ಆಗ ಅಡುಗೆಮನೆಯಿಂದ ಅಶ್ವಿತಾ ಬಂದಳು. ಕೆಂಪು ಮೂಲೆಗಳ ಕಾರ್ಡನ್ನು ಎತ್ತಿ ನೋಡಿ, ಇದು ಕುರ್ದಿಯ ಬಣ್ಣ ಅಲ್ಲವಾ ಎಂದು ಕೇಳಿದಳು. ಅರಸಿನಕ್ಕೆ ಸುಣ್ಣ ಕದಡಿದ ಕುರ್ದಿಯ ನೀರನ್ನು ಹರಿವಾಣದಲ್ಲಿಟ್ಟು ಮದುಮಕ್ಕಳಿಗೆ ಆರತಿ ಎತ್ತುವುದು, ದೃಷ್ಟಿ ತೆಗೆಯುವುದು ಅಲ್ಲಿ ಕೂತ ಎಲ್ಲ ಹೆಂಗಸರೂ ಮಾಡಿದ ಕೆಲಸವೇ. ಕುರ್ದಿಯೇನೋ ಹೌದು, ಆದರೆ ಅದು ಹರಿವಾಣದಲ್ಲಿ ಇರಬೇಕಾದದ್ದು, ಕಾಗದದಲ್ಲಿ ಹೀಗೆ ರಾಚಿಕೊಂಡರೆ ಜನ ಏನೆಂದುಕೊಳ್ಳುತ್ತಾರೆ ಎಂದರು ಅತ್ತೆ. ಆ ಮಾತೂ ಸುಳ್ಳಲ್ಲ. ಬಣ್ಣ ಶುಭದ್ದೇ ಆದರೂ ಮೂಲೆಗಳು ನೋಡಲು ಚಂದವಿರಲಿಲ್ಲ.

ವಸುಧಾ ಎದ್ದು ಹೋಗಿ ಲಿಂಬೆಹಣ್ಣು ತಂದಳು. ಹುಳಿ ತಾಗಿದರೆ ಕೆಂಪು ಮತ್ತೆ ಹಳದಿಯಾಗಬೇಕು. ಆಯಿತು ಕೂಡ, ಆದರೆ ಒರೆಸಿದ ಕಡೆ ಹಳದಿ, ಸುತ್ತ ಕೆಂಪು ಕರೆ, ನಡುವೆ ಒದ್ದೆಯ ಉಬ್ಬು, ಮೊದಲಿಗಿಂತ ಹಾಳಾಯಿತು.

"ಬಿಡು ವಸುಧಾ," ಎಂದರು ಭಾವ ಮೆಲ್ಲಗೆ. "ಮಕ್ಕಳಿಗೆ ಕೊಡುವ ಕಾರ್ಡು ಬೇರೆ, ಹೇಳಿಕೆ ಕಾಗದ ಬೇರೆ."

ಬೈದಿದ್ದರೆ ಅವಳು ಬಹುಶಃ ಬಿಟ್ಟುಬಿಡುತ್ತಿದ್ದಳು. ಮೆಲ್ಲಗೆ ಹೇಳಿದ್ದರಿಂದ ರೇಗಿಹೋಯಿತು. ಇಷ್ಟು ವರ್ಷದ ಕೆಲಸ ಅಷ್ಟು ಮೆತ್ತಗೆ ಪೆಟ್ಟಿಗೆಯೊಳಗೆ ಹೋಗಬೇಕೇ? ಅವಳು ಕಾರ್ಡನ್ನು ಬಿಡದೆ ದಿಟ್ಟಿಸಿದಳು. ಒಂದು ಮೂಲೆಯಲ್ಲಿ, ಒರೆಸುವ ಮೊದಲು ಲಿಂಬೆಯಿಂದ ತಾನಾಗಿ ಬಿದ್ದ ಒಂದು ಹನಿ ಇತ್ತು. ಅದು ಯಾವ ಕರೆಯೂ ಇಲ್ಲದೆ, ಕೆಂಪಿನ ನಡುವೆ ದುಂಡಗೆ, ಹೊಂಬಣ್ಣದ ಬೊಟ್ಟಾಗಿ ನಿಂತಿತ್ತು.

ಅವಳು ಬಿಸ್ಕತ್ತು ಡಬ್ಬಿ ತೆರೆದು ಮಲ್ಲಿಗೆ ಮೊಗ್ಗಿನ ಅಚ್ಚನ್ನು ಹುಡುಕಿದಳು.

ಮೊದಲು ಕಾರ್ಡಿನ ನಾಲ್ಕು ಅಂಚಿಗೂ ಅರಸಿನದ ಪಟ್ಟಿ ಎಳೆದಳು. ಪಟ್ಟಿಯಿಡೀ ಕೆಂಪಾಗುವುದನ್ನು ಕಂಡು ಅತ್ತೆ ಅಯ್ಯೋ ಎಂದರು. ಅದು ಆರಿದ ಮೇಲೆ ಅಚ್ಚನ್ನು ಲಿಂಬೆ ರಸದಲ್ಲಿ ಅದ್ದಿ ಒತ್ತಿದಳು. ರಸ ಹರಿದು ಮೊಗ್ಗು ಕಲಸಿಹೋಯಿತು. ನೀರಾದ ರಸ ರಬ್ಬರಿನ ಮೇಲೆ ನಿಲ್ಲುವುದಿಲ್ಲ, ಅದಕ್ಕೆ ಮೈ ಬೇಕು. ಅನ್ನ ಬಸಿದ ಗಂಜಿ ಉಂಟಾ ಎಂದು ಕೇಳಿದಳು. ಅಶ್ವಿತಾ ಓಡಿ ತಂದಳು. ಗಂಜಿಯನ್ನು ಕುದಿಸಿ ಅಂಟಿನ ಹಾಗೆ ದಪ್ಪ ಮಾಡಿ, ಲಿಂಬೆ ರಸ ಸೇರಿಸಿ, ಮಡಚಿದ ಪಂಚೆಯ ಚೂರಿಗೆ ಸುರಿದು ತಟ್ಟೆಯಲ್ಲಿಟ್ಟರೆ ಅದೇ ಸ್ಟ್ಯಾಂಪ್ ಪ್ಯಾಡು. ಮೊಗ್ಗನ್ನು ಅದಕ್ಕೆ ಮೆಲ್ಲಗೆ ತಾಗಿಸಿ, ಇನ್ನೊಂದು ಕಾರ್ಡಿನ ಕೆಂಪು ಅಂಚಿಗೆ ಒತ್ತಿ, ಉಸಿರು ಹಿಡಿದು ಎತ್ತಿದಳು.

ಮೊದಲು ಏನೂ ಕಾಣಲಿಲ್ಲ, ಬರೀ ಒದ್ದೆ ಗುರುತು. ಆಮೇಲೆ ಕೆಂಪಿನ ಒಳಗಿಂದ ಹಳದಿ ಮೊಗ್ಗೊಂದು ಎದ್ದು ಬಂತು. ತೊಟ್ಟು, ಎಸಳಿನ ಗೆರೆ, ತುದಿಯ ಚೂಪು, ಅವಳು ಬ್ಲೇಡಿನಲ್ಲಿ ಕೆತ್ತಿದ್ದೆಲ್ಲ ಒಂದೂ ಬಿಡದೆ. ಅದರ ಪಕ್ಕ ಇನ್ನೊಂದು ಒತ್ತಿದಳು, ಮತ್ತೊಂದು. ಅಂಚಿನುದ್ದಕ್ಕೂ ಕುರ್ದಿ ಬಣ್ಣದ ಮೇಲೆ ಅರಸಿನ ಬಣ್ಣದ ಮಲ್ಲಿಗೆ ಮಾಲೆ ಕೂತಿತು. ಅರಸಿನ ಹಚ್ಚಿದ ಹೇಳಿಕೆ ಕಾಗದವನ್ನು ಎಲ್ಲರೂ ಕಂಡಿದ್ದರು. ಅರಸಿನವೇ ಹೂವಾದದ್ದನ್ನು ಆ ಚಾವಡಿಯಲ್ಲಿ ಯಾರೂ ಕಂಡಿರಲಿಲ್ಲ. ವಸುಧಾ ತಾನು ಮಾಡಿದ್ದನ್ನು ತಾನೇ ಮೆಚ್ಚಿ ನೋಡುತ್ತಾ ಕೂತಳು. ಇದು ಚಂದ ಉಂಟು, ತುಂಬ ಚಂದ ಉಂಟು ಎಂದು ಅವಳ ಮನಸ್ಸು ಯಾರನ್ನೂ ಕೇಳದೆ ಹೇಳಿತು.

ಆದರೂ ಟೀಚರಮ್ಮ ಟೀಚರಮ್ಮನೇ. ಈ ಕೆಂಪು ಶಾಶ್ವತವಲ್ಲ, ಗಾಳಿ ಬೆಳಕಿಗೆ ತಿಂಗಳೊಪ್ಪತ್ತಿನಲ್ಲಿ ಕಂದಿ ಕಂದುಬಣ್ಣ ಆಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಸಿದಳು. ಒಪ್ಪಿಸಿ, ಮೋಹಿನಿಯ ಮುಖ ನೋಡಿದಳು. ಮದುಮಗಳ ತಾಯಿ ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಮೋಹಿನಿ ಕಾರ್ಡನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಮದುವೆ ದಿನದವರೆಗೆ ನಿಂತ್ರೆ ಸಾಕು ಮಾರಾಯ್ತಿ," ಎಂದಳು. "ಆಮೇಲೆ ಹೇಳಿಕೆ ಕಾಗದಕ್ಕೆ ಎಂತ ಕೆಲಸ? ಆ ಬಟ್ಟಲು ಇತ್ತ ಕೊಡು, ಪಟ್ಟಿ ನಾನು ಎಳೀತೇನೆ."

ಆ ಕಾರ್ಡನ್ನು ದೇವರ ಮುಂದಿಟ್ಟು ಬಂದು ಎಲ್ಲರೂ ಕೆಲಸಕ್ಕೆ ಕೂತರು. ಮೋಹಿನಿ ಪಟ್ಟಿ ಎಳೆದಳು, ಪಕ್ಕದ ಮನೆಯವರು ಫ್ಯಾನಿನ ಅಡಿಯಲ್ಲಿ ಒಣಗಿಸಿದರು, ಅಶ್ವಿತಾ ಲಿಂಬೆ ಹಿಂಡಿದಳು. ತಿರುಮಲೇಶ್ವರಿ ಅತ್ತೆ ಸ್ವಲ್ಪ ಹೊತ್ತು ಗೋಡೆಗೆ ಒರಗಿ ಬಿಗುಮಾನದಿಂದ ನೋಡಿದರು, ಆಮೇಲೆ ಒಂದು ನಾನು ಒತ್ತಿ ನೋಡುತ್ತೇನೆ ಎಂದು ಅಚ್ಚು ಕೇಳಿದರು. ಮೊದಲನೆಯದು ತಲೆಕೆಳಗಾಗಿ ಬಂತು. ಎರಡನೆಯದು ಸರಿಯಾದದ್ದೇ ತಡ, ಅಚ್ಚು ಊಟದ ಹೊತ್ತಿನವರೆಗೆ ಅವರ ಕೈ ಬಿಡಲಿಲ್ಲ. ಮೊಗ್ಗು ಓರೆಯಾದರೆ ವಸುಧಾ ಸುಮ್ಮನಿದ್ದರೂ ಅವರು ಸುಮ್ಮನಿರಲಿಲ್ಲ, ಇದು ನಮ್ಮ ಮನೆಯಿಂದ ಹೋಗುವಂಥದ್ದಲ್ಲ ಎಂದು ಬದಿಗೆ ತೆಗೆದಿಡುತ್ತಿದ್ದರು. ಭಾವನವರು ಪೇಪರು ಓದುವ ನೆಪದಲ್ಲಿ ಅಲ್ಲೇ ಸುಳಿದಾಡಿದರು. ಸಂಜೆ ಹೊತ್ತಿಗೆ ಎಲ್ಲವೂ ಮುಗಿದು, ಕಾರ್ಡುಗಳು ಚಾಪೆಯ ತುಂಬ ಹರಡಿಕೊಂಡಾಗ ಅವರು ಪ್ರೆಸ್ಸಿನ ಕಟ್ಟನ್ನೂ ವಸುಧಾಳ ಕಾರ್ಡುಗಳನ್ನೂ ಬೇರೆ ಬೇರೆ ಚೀಲದಲ್ಲಿ ಜೋಡಿಸಿ, ಎರಡನ್ನೂ ಒಳಗೆ ತೆಗೆದುಕೊಂಡು ಹೋದರು. ಹೇಳಿಕೆಗೆ ಯಾವುದು ಹೋಗುತ್ತದೆ ಎಂದು ಬಾಯಿಬಿಟ್ಟು ಕೇಳಲು ವಸುಧಾಳಿಗೆ ಸ್ವಾಭಿಮಾನ ಅಡ್ಡ ಬಂತು.

ಭಾನುವಾರ ಬೆಳ್ತಂಗಡಿ ಕಡೆಯ ಹೇಳಿಕೆ. ಕಾರು ಹರಿಪ್ರಸಾದನದ್ದು, ಹಾಗಾಗಿ ಭಾವನವರು, ಮೋಹಿನಿಯರ ಜೊತೆ ವಸುಧಾಳೂ ಹೊರಟಳು. ಭಾವನವರ ತೊಡೆಯ ಮೇಲೆ ಎರಡೂ ಚೀಲ ಇದ್ದವು.

ವೇಣೂರಿನಲ್ಲಿ ಮೊದಲ ಮನೆ, ಮೋಹಿನಿಯ ಅಣ್ಣನದ್ದು. ಬೆಲ್ಲ ನೀರು ಕುಡಿದು ಕ್ಷೇಮಸಮಾಚಾರ ಮುಗಿದ ಮೇಲೆ ಭಾವನವರು ಎದ್ದು ನಿಂತು, ಮಗಳ ಮದುವೆ, ಎಲ್ಲರೂ ಮೊದಲೇ ಬಂದು ಚಂದಗಾಣಿಸಿ ಕೊಡಬೇಕು ಎಂದು ಅಕ್ಷತೆಯ ಜೊತೆ ಕಾಗದ ಕೊಟ್ಟರು. ವಸುಧಾಳದ್ದು. ಮನೆಯವರೆಲ್ಲ ಸುತ್ತ ಸೇರಿದರು. ಕೆಂಪಿನ ಮೇಲೆ ಹಳದಿ ಹೂವು ಹೇಗೆ ಬಂತೆಂದು ಅವರು ಕೇಳುವ ಮೊದಲೇ ಭಾವನವರು ಶುರುಮಾಡಿದ್ದರು. ಬಾಳೆ ನಾರು, ಸೋಡಾ, ಕುರ್ದಿ, ಲಿಂಬೆ, ಗಂಜಿ. ಅರ್ಧಕ್ಕರ್ಧ ತಪ್ಪು, ಆದರೆ ಬ್ಯಾಂಕಿನ ಮೀಟಿಂಗಿನಲ್ಲಿ ಮಾತಾಡಿದ ಗತ್ತು ಇತ್ತು. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರ ಹಾಗೆ ಕಾರ್ಡನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಎಲ್ಲರೂ ನೋಡಿಯಾದ ಮೇಲೆ, ಬಹಳ ಸಹಜವಾಗಿ ಅದನ್ನು ಅವರ ಕೈಯಿಂದ ಹಿಂದೆ ತೆಗೆದುಕೊಂಡು ಚೀಲಕ್ಕೆ ಸೇರಿಸಿ, ಪ್ರೆಸ್ಸಿನದ್ದೊಂದನ್ನು ಕೈಗಿಟ್ಟರು.

ವಸುಧಾ ಕೈತಪ್ಪಿ ಆಗಿರಬೇಕು ಎಂದುಕೊಂಡಳು. ಎರಡನೆಯ ಮನೆಯಲ್ಲೂ ಅದ್ದೂರಿಯ ವಿವರಣೆ, ಅದೇ ಕಾರ್ಡು ಹೋದ ದಾರಿಯಲ್ಲೇ ವಾಪಸು. ಹರಿಪ್ರಸಾದ ಕೆಮ್ಮಿದ. ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ಅದನ್ನು ಸೆರಗಿನಲ್ಲಿ ಅಡಗಿಸಿಕೊಳ್ಳಲು ನೋಡಿದಾಗ ಭಾವನವರು ನಗುತ್ತಲೇ ಬಿಡಿಸಿಕೊಂಡು ಬಂದರು.

ಕಾರಿನಲ್ಲಿ ಅವಳು ಕೇಳಿಯೇಬಿಟ್ಟಳು. ಭಾವನವರು ಚೀಲವನ್ನು ಹತ್ತಿರ ಎಳೆದುಕೊಂಡರು.

"ಇರುವುದೇ ಇಷ್ಟು, ವಸುಧಾ. ಕೊಟ್ಟದ್ದನ್ನು ಇವರು ಎಲ್ಲಿಯಾದ್ರೂ ಬಿಸಾಡ್ತಾರೆ. ಇಂಥದ್ದನ್ನು ಹಾಗೆ ಹಂಚಿ ಮುಗಿಸ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ."

ಮೋಹಿನಿ ಬಾಯಿಗೆ ಸೆರಗು ಹಿಡಿದು ನಕ್ಕಳು. ವಸುಧಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಭಾವನವರ ಬಾಯಿಂದ ಇಂಥ ಮಾತು ಬರಲಿ ಎಂದು ಅವಳು ಎಷ್ಟೋ ವರ್ಷ ಕಾದಿದ್ದಳು. ಈಗ ಬಂದಾಗ ಅದರ ಸುಖ ಹೇಳತೀರದಷ್ಟು ಇತ್ತು. ಕಿಟಕಿಯಿಂದ ಹೊರಗೆ ನೋಡುತ್ತಾ ಅದನ್ನು ಮನಸಾರೆ ಅನುಭವಿಸಿದಳು. ಆದರೆ ಗುರುವಾಯನಕೆರೆ ಹತ್ತಿರವಾಗುತ್ತಿದ್ದಂತೆ ಅದರಡಿಯಲ್ಲಿ ಒಂದು ಅಸಮಾಧಾನ ತಲೆ ಎತ್ತಿತು. ಹೀಗೆ ಆದರೆ ಇವು ಮತ್ತೆ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಕಂದುವ ಬಣ್ಣ. ಯಾರ ಕೈಗೂ ಹೋಗದೆ, ಬೀಗದೊಳಗೆ ಕೂತು ಕಂದಿಹೋಗಲು ಅವಳು ಇವನ್ನು ಮಾಡಿದ್ದಲ್ಲ.

ಮುಂದಿನ ಮನೆ ಬೆಳ್ತಂಗಡಿ ಪೇಟೆಯ ಹತ್ತಿರ, ಭಾವನವರ ಜೊತೆ ಬ್ಯಾಂಕಿನಲ್ಲಿದ್ದ ಝಕರಿಯಾ ಅವರದ್ದು. ಅವರೂ ಹೆಂಡತಿ ಖದೀಜಳೂ ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಶರಬತ್ತು ಬಂತು, ಹಳೆಯ ಆಫೀಸಿನ ಮಾತು ಬಂತು, ಆಮೇಲೆ ಕಾಗದ ಬಂತು. ಖದೀಜ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನ ಹೂವುಗಳ ಮೇಲೆ ಬೆರಳಾಡಿಸಿದಳು. ಲಿಂಬೆಯ ಮಾತು ಕೇಳಿ ಅವಳಿಗೆ ಆಶ್ಚರ್ಯವಾಯಿತು. ಮದರಂಗಿಗೆ ಲಿಂಬೆ ಹಿಂಡಿದರೆ ಬಣ್ಣ ಗಾಢವಾಗುತ್ತದೆ, ಇಲ್ಲಿ ಬಣ್ಣ ಬಿಟ್ಟುಕೊಟ್ಟು ಹೂವಾಗುತ್ತದಾ ಎಂದಳು. ಒಳಗಿನ ಬರಹವನ್ನು ನಿಧಾನವಾಗಿ ಓದಿದಳು. ಓದಿ ಮುಗಿದದ್ದನ್ನು ಕಂಡು ಭಾವನವರ ಬಲಗೈ ಮೆಲ್ಲಗೆ ಮುಂದೆ ಬಂತು, ಎಡಗೈಯಲ್ಲಿ ಪ್ರೆಸ್ಸಿನದ್ದು ಸಿದ್ಧವಾಗಿತ್ತು.

"ಅದು ಅವರಿಗೆ, ಭಾವ," ಎಂದಳು ವಸುಧಾ. "ಇಟ್ಟುಕೊಳ್ಲಿಕ್ಕೆ ಅಲ್ಲ, ಕೊಡ್ಲಿಕ್ಕೆ ನಾನು ಮಾಡಿದ್ದು."

ಭಾವನವರ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ಹಿಂದೆ ಸರಿಯಿತು. ಪ್ರೆಸ್ಸಿನದ್ದನ್ನು ಚೀಲಕ್ಕೆ ತುರುಕಿ, ವಸುಧಾಳ ಕಾರ್ಡುಗಳ ಚೀಲವನ್ನು ಎತ್ತಿ, ಇನ್ನು ಉಳಿದ ಮನೆಗಳಿಗೆ ನೀನೇ ಕೊಡು ಎಂಬಂತೆ ಅವಳ ಮಡಿಲಿಗಿಟ್ಟರು. ಮುಖದಲ್ಲಿ ಮಗುವಿನ ಕೈಯಿಂದ ಮಿಠಾಯಿ ಹೋದಷ್ಟು ಬೇಸರ ಇತ್ತು.

ಖದೀಜ ಕಾರ್ಡನ್ನು ಎದೆಗೆ ಹಿಡಿದುಕೊಂಡು ವಸುಧಾಳನ್ನೇ ನೋಡುತ್ತಿದ್ದಳು.

"ನೀವಾ ಇದನ್ನು ಮಾಡಿದ್ದು?"

"ಹೌದು," ಎಂದಳು ವಸುಧಾ. "ನಾನೇ."